ಗ್ಯಾಪ್ ಸರ್ಟಿಫಿಕೇಟ್

ಶಿವಾಜಿನಗರ ಕೋರ್ಟಿನ ಹಿಂದಿನ ಗೇಟಿನ ಬಳಿ
ಹುಣಸೆ ಮರದ ಕೆಳಗೆ ಎಂಟು ಟೈಪ್‌ರೈಟರು, ಮೂರು ಕಂಪ್ಯೂಟರು,
ಒಂದು ಛತ್ರಿ. ಛತ್ರಿ ನನ್ನದು.
ಹನ್ನೊಂದು ವರ್ಷದಿಂದ ಇಲ್ಲೇ ಕೂತು
ಪುಣೆಯ ಪ್ರಮಾಣಗಳನ್ನು ಪುಟಕ್ಕೆ ಮೂವತ್ತರಂತೆ ಬಡಿದಿದ್ದೇನೆ:
ಹೆಸರು ಬದಲಿಸಿಕೊಂಡವರು, ರೇಷನ್ ಕಾರ್ಡು ಕಳಕೊಂಡವರು,
ಇದ್ದ ಗಂಡನನ್ನು ಇಲ್ಲವೆಂದವರು,
ಇಲ್ಲದ ಬಾಡಿಗೆದಾರನನ್ನು ಇದ್ದಾನೆಂದವರು.
ಜೂನ್ ಬಂದರೆ ಹುಡುಗರು.
ಅವರದೆಲ್ಲ ಒಂದೇ ಮಾಲು, ಗ್ಯಾಪ್ ಸರ್ಟಿಫಿಕೇಟು.
ಕಣ್ಣು ಮುಚ್ಚಿ ಹೊಡೆಯಬಲ್ಲೆ:
'ಸದರಿ ಅವಧಿಯಲ್ಲಿ ನಾನು ಬೇರೆ ಯಾವ ಕಾಲೇಜಿಗೂ ಸೇರಿರುವುದಿಲ್ಲ,
ಯಾವ ಅಪರಾಧದಲ್ಲೂ ಭಾಗಿಯಾಗಿರುವುದಿಲ್ಲ.'

ಇವತ್ತು ಹೆಸರಿನ ಜಾಗದಲ್ಲಿ ನಾನೇ.
ಮಹಾನಂದಾ ಸಿದ್ರಾಮ ಕೋಳ್ಕೂರ, ವಯಸ್ಸು ಮೂವತ್ತೆರಡು,
ಧಂದೆ ಟೈಪಿಂಗ್, ವಾಸ ದಾಪೋಡಿ.
ಬಿ.ಕಾಂ., ನಲವತ್ತೈದು ಪಾಯಿಂಟ್ ಒಂದು ಆರು.

ಕಾನೂನು ಕಾಲೇಜಿಗೆ ನಲವತ್ತೈದು ಇದ್ದರೆ ಸಾಕು.
ಮೇಲಿನ ಆ ಒಂದು ಆರು ಇದೆಯಲ್ಲ,
ಹೊರಟ ಬಸ್ಸಿನ ಬಾಗಿಲಿಗೆ ಸಿಕ್ಕ ಓಢಣಿಯ ಚುಂಗಿನಷ್ಟು.
ಚುಂಗು ಒಳಗಿದೆ.
ನಾನು ಓಡುತ್ತಿದ್ದೇನೆ.

ಅರ್ಜಿಯ ಆರನೇ ಪುಟದಲ್ಲೊಂದು ಚೌಕ:
'ಅಂಕಗಳು ಐವತ್ತಕ್ಕಿಂತ ಕಡಿಮೆಯಿದ್ದಲ್ಲಿ ಕಾರಣ ತಿಳಿಸಿ.'
ಚೌಕ ದೊಡ್ಡದಲ್ಲ. ಒಂದು ಸಾವು ಹಿಡಿಸುತ್ತದೆ,
ಎರಡಾದರೆ ಅಕ್ಷರ ಸಣ್ಣ ಮಾಡಬೇಕು.

ಪಕ್ಕದ ಟಿಳೇಕರ್ ಕಾಕಾ ಅಂದರು:
"ಕಾಮಾಲೆ ಬರಿ. ಕಾಮಾಲೆಗೆ ಯಾರೂ ಕಾಗದ ಕೇಳೋದಿಲ್ಲ."
ಚಹಾಕ್ಕೆ ಬಂದ ವಕೀಲೆಬಾಯಿ:
"ಬಡತನ ಬರಿ. ಆದರೆ ಚೆನ್ನಾಗಿ ಬರಿ."
ಅಪ್ಪ, ಸೊಸೈಟಿಯ ಗೇಟಿನಲ್ಲಿ ರಾತ್ರಿ ಪಾಳಿ ಮುಗಿಸಿ
ಬೂಟು ಬಿಚ್ಚುತ್ತ:
"ನನಗ ಏನಾರ ರೋಗ ಹಚ್ಚವಾ, ನನ್ನ ಕಡಿಂದ ತಕರಾರಿಲ್ಲ.
ಬೇಕಂದ್ರ ಸಾಯಿಸು. ಆ ವರ್ಷಕ್ಕಷ್ಟ."

ಅಪ್ಪನನ್ನು ಕೊಲ್ಲಲು ಒಂದು ಸಾಲು ಸಾಕಿತ್ತು.
ಅಂಥ ಸಾಲು ಎಷ್ಟು ಮಂದಿಗೆ ಹೊಡೆದುಕೊಟ್ಟಿಲ್ಲ,
ಅಲ್ಪವಿರಾಮ ಸಮೇತ.
ಬೆರಳು ಕೀಲಿಯ ಮೇಲಿತ್ತು. ಇಳಿಯಲಿಲ್ಲ.

ಹಾಗಾದರೆ ನಿಜ ಏನು?
ಎರಡನೇ ವರ್ಷ, ಕಾಸ್ಟಿಂಗ್ ಪೇಪರಿನ ಹಿಂದಿನ ರಾತ್ರಿ
ಅವ್ವ ಚೆನ್ನಾಗಿದ್ದಳು, ಅಪ್ಪ ಚೆನ್ನಾಗಿದ್ದ,
ಮುಳಾ ಹೊಳೆಗೆ ಪೂರ ಬಂದಿರಲಿಲ್ಲ,
ಮನೆಯಲ್ಲಿ ದೀಪವಿತ್ತು, ದೀಪದ ಕೆಳಗೆ ಪುಸ್ತಕ.
ನಾನು ಓದಲಿಲ್ಲ.
ಪಾಸಿಗೆ ನಾಲ್ಕು ಕಡಿಮೆ ಬಿದ್ದಾಗ ಅಳಲೂ ಇಲ್ಲ.
ಎ.ಟಿ.ಕೆ.ಟಿ. ಸಿಕ್ಕಿತೆಂದು, ಬಹುಮಾನ ಬಂದವರ ಹಾಗೆ,
ಸಂಭಾಜಿ ಪಾರ್ಕಿನ ಮುಂದೆ ನಿಂತು ಭೇಳ್ ತಿಂದೆ.

ಡಿಗ್ರಿ ಮುಗಿದು ಈ ಮರದ ಕೆಳಗೆ ಬಂದ ಮೇಲೆ
ಯಾರದೋ ಜೀವನಾಂಶದ ಅರ್ಜಿ ಹೊಡೆಯುತ್ತ
ಮೊದಲ ಸಲ ಒಂದು ವಾಕ್ಯವನ್ನು ಎರಡು ಸಲ ಓದಿದೆ.
ಅರ್ಜಿದಾರಳು ಎದುರಿಗೇ ಕೂತಿದ್ದಳು,
ಎಡಗಾಲಿಗೊಂದು ಥರ, ಬಲಗಾಲಿಗೊಂದು ಥರ ಚಪ್ಪಲಿ.
ವಕೀಲರು ಕೇಳದ ಪ್ರಶ್ನೆಯೊಂದು ನನ್ನ ಗಂಟಲಿಗೆ ಬಂತು.
ಟೈಪಿಸ್ಟು ಕೇಳುವಂತಿಲ್ಲ. ನುಂಗಿದೆ.
ಅವತ್ತಿನಿಂದ ನುಂಗಿದ್ದು ಒಂದು ಸಂದೂಕ ಆದೀತು.

ಇದನ್ನು ಚೌಕದಲ್ಲಿ ಬರೆದರೆ ಚೆನ್ನಾಗಿ ಕಾಣುತ್ತದೆ.
ಅದಕ್ಕೇ ಬರೆಯಲಿಲ್ಲ.
ಚೆನ್ನಾಗಿ ಕಾಣುವುದನ್ನು ಹನ್ನೊಂದು ವರ್ಷ ಮಾರಿದ್ದೇನೆ.
ಹೊಡೆದದ್ದು ಇಷ್ಟು: 'ಓದಲಿಲ್ಲ. ಅಂಕಗಳು ನನ್ನವೇ.'
ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದೆ,
ನಾಳೆ ಯಾರೂ ಏನೂ ಸೇರಿಸದಂತೆ.

ನೋಟರಿ ಸಾಹೇಬರು ತಲೆ ಎತ್ತದೆ, ಸಿಕ್ಕೆಗೆ ಮಸಿ ಒತ್ತುತ್ತ,
"ಓದಿ ತಿಳಿದು ಸಹಿ ಮಾಡಿದ್ದೀರಾ?"
ಎಲ್ಲರಿಗೂ ಕೇಳುವುದೇ.
ಎಲ್ಲರೂ ಹೂಂ ಅನ್ನುವುದೇ.

"ತಡೀರಿ" ಅಂದೆ.
ಮೊದಲ ಸಾಲಿನಿಂದ ಓದತೊಡಗಿದೆ.
ನನ್ನ ಹಿಂದೆ ಜನ ಗೊಣಗುತ್ತಿದ್ದರು.